ಅಪ್ಪನ ತಾಟು, ನನ್ನ ತಾಟು

ಅಪ್ಪನ ಬಲಗಾಲಿನ ಡ್ರೆಸ್ಸಿಂಗ್ ಮುಗಿದಿತ್ತು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಮೋಸಂಬಿ ಸುಲಿಯುತ್ತಿದ್ದೆ. ಅಪ್ಪನಿಗೆ ಎರಡೇ ತೊಳೆ, ಉಳಿದದ್ದು ನನಗೆ. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಮೂರನೇ ಮಹಡಿಯ ವಾರ್ಡು ಅದು. ಸಿಸ್ಟರ್ ಗ್ಲೂಕೋಮೀಟರ್ ಹಿಡಿದು ಬಂದು ಅಪ್ಪನ ಬೆರಳು ಚುಚ್ಚಿ, ಅಂಕಿ ಬರೆದುಕೊಂಡು ಹೊರಟಾಗ ಅಪ್ಪ ಕರೆದು ನಿಲ್ಲಿಸಿದ.

"ಸಿಸ್ಟರ್, ನಮ್ಮ ಹುಡುಗಿದೂ ಒಂದು ಸಲ ನೋಡ್ರಿ. ಎರಡು ತಿಂಗಳಾತು, ಸೊರಗಿ ಕಡ್ಡಿ ಆಗ್ಯಾಳ. ಬರೇ ನೀರು ಕುಡಿಯಾಕತ್ತಾಳ."

ನಾನು ನಕ್ಕೆ. ಪರೀಕ್ಷೆಯ ಟೆನ್ಶನ್ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬಾಯಾರಿಕೆ, ಪದೇ ಪದೇ ಬಾತ್‌ರೂಮು, ತೋಳಿನ ಮೇಲೆ ವಾಸಿಯಾಗದ ಎರಡು ಕುರು, ಎಲ್ಲದಕ್ಕೂ ಒಂದೊಂದು ಕಾರಣ ಹುಡುಕಿ ಇಟ್ಟುಕೊಂಡಿದ್ದೆ. ಸಿಸ್ಟರ್ ಸುಮ್ಮನೆ ತಮಾಷೆಗೆಂಬಂತೆ ನನ್ನ ಬೆರಳು ಹಿಡಿದಳು. ಮೀಟರ್ ನೋಡಿದವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಕೈಯಾಗ ಏನರ ಹಿಡದಿದ್ದೇನವಾ?"

"ಮೋಸಂಬಿ ಸುಲಿಯಾಕತ್ತಿದ್ದೆರಿ."

"ಹಂಗಾದ್ರ ಸಾಬೂನು ಹಚ್ಚಿ ಛಲೋತಂಗ ತೊಳಕೊಂಡು ಬಾ. ಹಣ್ಣಿನ ರಸ ಇದ್ರ ಮೀಟರ್ ಸುಳ್ಳ ಹೇಳ್ತೈತಿ."

ತೊಳೆದುಕೊಂಡು ಬಂದೆ. ಇನ್ನೊಂದು ಬೆರಳು. ಐದು ಸೆಕೆಂಡು.

ಮುನ್ನೂರ ನಾಲ್ಕು.

ಅಪ್ಪನದಕ್ಕಿಂತ ಹೆಚ್ಚು.

ಆ ಹೊತ್ತಿನಲ್ಲಿ ನನಗೆ ರೋಗದ ಭಯವಾಗಲಿಲ್ಲ. ನಾಚಿಕೆಯಾಯಿತು. ಅದಕ್ಕೆ ಕಾರಣ ಹೇಳಬೇಕೆಂದರೆ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು.

ಅಪ್ಪ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಅವನಿಗೆ ಶುಗರ್ ಬಂದು ಹದಿನಾಲ್ಕು ವರ್ಷ. ನಾನು ಎಂಟನೇ ಇಯತ್ತೆಗೆ ಬಂದಾಗಿನಿಂದ ಅವನ ಊಟದ ಮೇಲಿನ ಕಾವಲು ನನ್ನದು. ರೊಟ್ಟಿ ಎರಡು, ಅನ್ನ ಒಂದು ಸೌಟು, ಅದಕ್ಕಿಂತ ಹೆಚ್ಚಾದರೆ ತಾಟಿನಿಂದಲೇ ಎತ್ತಿಡುತ್ತಿದ್ದೆ. ಬೆಲ್ಲದ ಡಬ್ಬಿ ಅಟ್ಟದ ಮೇಲೆ. ಊರಲ್ಲಿ ಯಾರ ಮನೆಯಲ್ಲಿ ಹೋಳಿಗೆ ಮಾಡಿದರೂ ಮಾಸ್ತರರನ್ನು ಕರೆಯದೆ ಉಣ್ಣುತ್ತಿರಲಿಲ್ಲ. ಅಪ್ಪನಿಗೆ ಒಲ್ಲೆ ಅನ್ನಲು ಬರುತ್ತಿರಲಿಲ್ಲ. ಉಂಡು ಬಂದು ಉಂಡಿಲ್ಲ ಎನ್ನುತ್ತಿದ್ದ. ನಾನು ಬಾಯಿ ಬಿಡಿಸುತ್ತಿದ್ದೆ. ಕಾಲ್ಬೆರಳಿಗೆ ಗಾಯವಾಗಿ ಆಸ್ಪತ್ರೆ ಸೇರಿದ ದಿನ, ಅಕ್ಕಪಕ್ಕದ ಮಂಚದವರೆಲ್ಲ ಕೇಳುವಂತೆ ಕೂಗಾಡಿದ್ದೆ. "ನಾಲಿಗಿ ಒಂದು ಹಿಡಿತದಾಗ ಇಟ್ಟುಕೊಳ್ಳಾಕ ಆಗಂಗಿಲ್ಲೇನು ನಿನಗ? ಸಣ್ಣ ಹುಡುಗರಿಗೆ ಬುದ್ಧಿ ಹೇಳ್ತಿ!" ಅಪ್ಪ ಗೋಡೆ ಕಡೆ ಹೊರಳಿ ಮಲಗಿದ್ದ.

ಅದಾಗಿ ಎರಡೇ ದಿನ.

ಮತ್ತಷ್ಟು ಬ್ಲಡ್ ಟೆಸ್ಟ್ ಮಾಡಿದರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಹತ್ತು ಪಾಯಿಂಟ್ ನಾಲ್ಕು. ಇನ್ಸುಲಿನ್ ಪೂರ್ತಿ ನಿಂತುಹೋಗುವ ಟೈಪ್ ಒನ್ ಅಲ್ಲ, ಟೈಪ್ ಟೂ ಎಂದು ಖಚಿತವಾಯಿತು. ಅಪ್ಪನದೇ ರೋಗ. ಡಾಕ್ಟರ್ ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎಷ್ಟು ವಯಸ್ಸವಾ?"

"ಇಪ್ಪತ್ತೆರಡ್ರಿ. ಧಾರವಾಡದಾಗ ಎಂ.ಎಸ್ಸಿ. ಕೆಮಿಸ್ಟ್ರಿ ಓದಾಕತ್ತೇನಿ. ಹಾಸ್ಟೆಲ್‌ನ್ಯಾಗ ಇರ್ತೇನಿ."

"ಅಪ್ಪನ ಕಾಲು ನೋಡಿಯಲ್ಲ? ನಿನಗ ನಾ ಹೆಚ್ಚಿಗಿ ಹೇಳೂದ ಬ್ಯಾಡ. ಎರಡು ಥರದ ಗುಳಿಗಿ ಬರದೇನಿ. ಖರೇ ಔಷಧ ಊಟ. ಹೊತ್ತಿಗೆ ಸರಿಯಾಗಿ, ಚಾರ್ಟಿನ್ಯಾಗ ಇದ್ದಂಗ."

ಚಾರ್ಟು ಕೈಗೆ ಕೊಟ್ಟರು. ನನಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಅಂಥದೇ ಚಾರ್ಟನ್ನು ಅಪ್ಪನಿಗಾಗಿ ವರ್ಷಗಟ್ಟಲೆ ಕಾದವಳು ನಾನು. ನನ್ನಿಂದ ಆಗದೆ ಇನ್ನಾರಿಂದ ಆದೀತು?

ಆಸ್ಪತ್ರೆಯ ಮೆಟ್ಟಿಲಿನ ಬಳಿ ಅವ್ವ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. ಅತ್ತು ಕಣ್ಣು ಕೆಂಪಾಗಿದ್ದವು.

"ಯಾರ ಮುಂದೂ ಹೇಳಾಕ ಹೋಗಬ್ಯಾಡ ಶೈಲಾ. ರೂಮಿನ ಹುಡುಗ್ಯಾರ ಮುಂದೂ. ಬಾಯಿಂದ ಬಾಯಿಗೆ ಹೋಗಿ ನಾಳೆ ಗಂಡಿನ ಕಡೆಯವರ ಕಿವಿಗೆ ಬಿದ್ರ ಮುಗೀತು. ಗುಳಿಗಿ ತಗೋ, ಚಾರ್ಟ್ ಪ್ರಕಾರ ಉಣ್ಣು. ಯಾರಿಗೂ ಗೊತ್ತಾಗಬಾರದು."

ಆಯ್ತು ಎಂದೆ.

ಹಾಸ್ಟೆಲ್ಲಿಗೆ ಬಂದು ಚಾರ್ಟನ್ನು ಕಪಾಟಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದೆ. ಎಂಟು ಗಂಟೆಗೆ ಮೊಳಕೆ ಕಾಳು, ರಾಗಿ ಅಂಬಲಿ. ಹನ್ನೊಂದಕ್ಕೆ ಮಜ್ಜಿಗೆ. ಒಂದು ಗಂಟೆಗೆ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಸೌತೆಕಾಯಿ, ಅರ್ಧ ಬಟ್ಟಲು ಅನ್ನ. ಹಾಸ್ಟೆಲ್ ಮೆಸ್ಸಿನ ಗೋಡೆಯ ಮೇಲೆ ಇನ್ನೊಂದು ಚಾರ್ಟಿತ್ತು. ಸೋಮವಾರ ಉಪ್ಪಿಟ್ಟು, ಮಂಗಳವಾರ ಅವಲಕ್ಕಿ, ಬುಧವಾರ ಚಿತ್ರಾನ್ನ, ಗುರುವಾರ ಮತ್ತೆ ಉಪ್ಪಿಟ್ಟು. ಮಧ್ಯಾಹ್ನ ಅನ್ನ, ಸಾರು, ಎರಡು ಚಪಾತಿ, ಆಲೂಗಡ್ಡೆ ಪಲ್ಯ. ರೊಟ್ಟಿ ವಾರಕ್ಕೆ ಎರಡೇ ಸಲ, ಅದೂ ಮೊದಲು ಬಂದವರಿಗೆ. ರೂಮಿನಲ್ಲಿ ಒಲೆ ಹಚ್ಚುವಂತಿಲ್ಲ.

ಮೊದಲ ಹತ್ತು ದಿನ ನಾನು ಗೆದ್ದೆ. ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಕಿಟಕಿಗೆ ತೂಗುಹಾಕಿದೆ. ಅವನ್ನು ಹಸಿಯಾಗಿಯೇ ಅಗಿದೆ. ಬೆಳಿಗ್ಗೆ ಕ್ಯಾಂಪಸ್ಸಿನ ಮರಗಳ ಕೆಳಗೆ ನಲವತ್ತು ನಿಮಿಷ ನಡೆದೆ. ಮೆಸ್ಸಿನಲ್ಲಿ ಅಡುಗೆಯ ಶಾಂತಕ್ಕ ಅನ್ನ ಬಡಿಸಲು ಬಂದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದೆ.

"ಇದೇನವಾ? ಗುಬ್ಬಿ ಉಂಡಂಗ ಉಂಡ್ರ ಅಷ್ಟು ದಪ್ಪ ಪುಸ್ತಕ ಹೆಂಗ ಓದ್ತಿ?" ಎಂದು ಶಾಂತಕ್ಕ ಕೈ ಸರಿಸಿ ಬಡಿಸಿಯೇ ಬಿಡುತ್ತಿದ್ದಳು. ಆ ಪ್ರೀತಿಗೆ ಏನು ಹೇಳಲಿ? ಅಸಿಡಿಟಿ ಎಂದೆ. ರೂಮ್‌ಮೇಟ್ ಭಾರತಿಗೂ ಅದನ್ನೇ ಹೇಳಿದ್ದೆ. ಗುಳಿಗೆಗಳೂ ಅಸಿಡಿಟಿಯವೇ.

ಹನ್ನೊಂದನೆಯ ದಿನ ಪ್ರ್ಯಾಕ್ಟಿಕಲ್ ಮುಗಿಯುವಾಗ ಎರಡೂಕಾಲು ಗಂಟೆ. ಮೆಸ್ಸಿಗೆ ಓಡಿ ಬಂದೆ. ರೊಟ್ಟಿ ಇಲ್ಲ, ಚಪಾತಿ ಇಲ್ಲ. ಪಾತ್ರೆಯ ತಳದಲ್ಲಿ ಅನ್ನ, ಮೇಲೆ ತಣ್ಣಗಿನ ಸಾರು. ಕೈಕಾಲು ನಡುಗುತ್ತಿದ್ದವು. ತಾಟು ತುಂಬ ಹಾಕಿಕೊಂಡು ಉಂಡೆ. ಸಂಜೆ ಭಾರತಿ ಗಿರಮಿಟ್, ಅಂದರೆ ಮಸಾಲೆ ಮಂಡಕ್ಕಿ, ತಿನ್ನಲು ಕರೆದಳು. ಹೇಗೂ ಇವತ್ತಿನ ದಿನ ಕೆಟ್ಟಿದೆ, ನಾಳೆಯಿಂದ ಸರಿ ಮಾಡೋಣ ಅಂದುಕೊಂಡು ಹೋದೆ. ಗಿರಮಿಟ್ ಜೊತೆ ಮಿರ್ಚಿ ಬಜ್ಜಿ. ಮಿರ್ಚಿಯ ಮೇಲೆ ಸಕ್ಕರೆ ಹಾಕಿದ ಚಹಾ.

ಆ 'ನಾಳೆ' ಎಷ್ಟು ಸಲ ಬಂತೆಂದು ನನಗೇ ಗೊತ್ತಿಲ್ಲ.

ಯಾರೋ ಪರೀಕ್ಷೆ ಪಾಸಾದರೆಂದು ಪೇಡೆ ಹಂಚುತ್ತಾರೆ. ಒಲ್ಲೆ ಅಂದರೆ ಯಾಕೆ ಎಂಬ ಪ್ರಶ್ನೆ. ಯಾಕೆ ಎಂದು ಹೇಳುವ ಹಾಗಿಲ್ಲ. ಹೀಗಾಗಿ ತಿನ್ನುವುದೇ ಸುಲಭ. ಸೆಮಿನಾರಿನ ವಾರ ಕಿಟಕಿಯಲ್ಲಿ ಕಟ್ಟಿದ ಕಾಳು ಹುಳಿ ನಾತ ಹೊಡೆಯತೊಡಗಿತು. ಭಾರತಿ ಮೂಗು ಮುಚ್ಚಿಕೊಂಡು ಎಸೆದಳು. ಮತ್ತೆ ನಾನು ನೆನೆಸಲಿಲ್ಲ. ನಡಿಗೆ ವಾರಕ್ಕೆ ನಾಲ್ಕು ದಿನವಾಯಿತು, ಎರಡಾಯಿತು, ನಿಂತಿತು.

ಇದನ್ನೆಲ್ಲ ಪರಿಸ್ಥಿತಿಯ ತಲೆಗೆ ಕಟ್ಟಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಒಂದು ಭಾನುವಾರ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ಯಾರೂ ಒತ್ತಾಯ ಮಾಡಿರಲಿಲ್ಲ, ಹಸಿವೂ ಇರಲಿಲ್ಲ. ಓದುತ್ತ ಕುಳಿತವಳು ಭಾರತಿಯ ಬಿಸ್ಕಿಟ್ ಪ್ಯಾಕೆಟ್ ಬಿಚ್ಚಿದೆ. ಒಂದು ಸಾಕು ಅಂದುಕೊಂಡೆ. ಕೈ ತಾನಾಗಿಯೇ ಹೋಗಿ ಬರುತ್ತಿತ್ತು. ನಾನು ಅದನ್ನು ನೋಡುತ್ತಲೇ ಇದ್ದೆ. ಬೇರೆ ಯಾರದೋ ಕೈ ನೋಡುವ ಹಾಗೆ. ತಪ್ಪು ಅಂತ ಗೊತ್ತು, ಏನಾಗುತ್ತದೆ ಅಂತ ಗೊತ್ತು, ಅಪ್ಪನ ಬೆರಳಿನ ಗಾಯದ ವಾಸನೆ ಇನ್ನೂ ಮೂಗಿನಲ್ಲಿದೆ, ಆದರೂ ಬಾಯಿ ಅಗಿಯುತ್ತಲೇ ಇದೆ. ಇಷ್ಟೆಲ್ಲ ತಿಳಿದೂ ನಿಲ್ಲಿಸಲಾಗದ ಸ್ಥಿತಿಗೆ ಏನೆನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಪ್ಯಾಕೆಟ್ ಖಾಲಿಯಾದ ಮೇಲೆ ಅದನ್ನು ಮಡಚಿ ಹಳೆಯ ರೆಕಾರ್ಡ್ ಬುಕ್ಕಿನೊಳಗೆ ಸೇರಿಸಿದೆ.

ಅವತ್ತು ತುಂಬ ಹೊತ್ತು ಅತ್ತೆ. ಸಂಜೆ ಮೆಸ್ಸಿನಲ್ಲಿ ಬೆಲ್ಲದ ಗೋಧಿ ಹುಗ್ಗಿ ಇತ್ತು. ಅದನ್ನೂ ತಿಂದೆ.

ದಿನಾ ಏಳು ಗಂಟೆಗೆ ಅಪ್ಪನ ಫೋನು.

"ಏನ ಉಂಡಿ ತಂಗಿ?" ಅಪ್ಪ ನನ್ನನ್ನು ಕರೆಯುವುದೇ ಹಾಗೆ.

"ರೊಟ್ಟಿ, ಹೆಸರುಕಾಳು ಪಲ್ಯ. ನೀ?"

"ನಾನೂ ಅದ. ರೊಟ್ಟಿ, ಮೆಂತ್ಯಾಪಲ್ಯ."

"ಗಾಯ ಹೆಂಗೈತಿ?"

"ಒಣಗಾಕತ್ತೈತಿ."

ಇಷ್ಟೇ. ನಾನು ಸುಳ್ಳು ಹೇಳುತ್ತಿದ್ದೆ. ಸುಳ್ಳು ಹೇಳುವವರಿಗೆ ಇನ್ನೊಬ್ಬರ ಸುಳ್ಳು ಬೇಗ ಕೇಳಿಸುತ್ತದೆ. ಆದರೆ ಬಾಯಿ ಬಿಡಿಸುವ ಹಕ್ಕು ಈಗ ನನಗೆ ಉಳಿದಿರಲಿಲ್ಲ.

ಮೂರು ತಿಂಗಳ ಟೆಸ್ಟು ಹತ್ತಿರ ಬಂತು. ಆರು ದಿನ ಮೊದಲು ನಾನೊಂದು ಮೂರ್ಖ ನಿರ್ಧಾರ ಮಾಡಿದೆ. ಬೆಳಿಗ್ಗೆ ತಿಂಡಿ ಬಿಡುವುದು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಒಂದು ಚಪಾತಿ. ಗುಳಿಗೆ ಮಾತ್ರ ತಪ್ಪಿಸಬಾರದು. ಊಟ ಕಡಿಮೆ, ಗುಳಿಗೆ ಪೂರ್ತಿ, ಅಂದರೆ ಶುಗರ್ ಬೇಗ ಇಳಿಯುತ್ತದೆ. ಕೆಮಿಸ್ಟ್ರಿ ಓದುವವಳ ಬುದ್ಧಿ ಇದು. ಇಳಿದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಯೋಚಿಸಲೇ ಇಲ್ಲ.

ನಡುವೆ ಬುಧವಾರ ಭಾರತಿಯ ಹುಟ್ಟಿದ ದಿನ ಬಂತು. ಅವಳು ನನ್ನ ಬಾಯಿಗೆ ತಾನೇ ಪೇಡೆ ಇಟ್ಟಳು. ಅದರ ಪ್ರಾಯಶ್ಚಿತ್ತಕ್ಕೆಂದು ಅವತ್ತು ರಾತ್ರಿಯ ಚಪಾತಿಯನ್ನೂ ಬಿಟ್ಟೆ. ಮರುದಿನ ಗುರುವಾರ, ಬೆಳಿಗ್ಗೆ ಗುಳಿಗೆ ನುಂಗಿ ಬರಿಹೊಟ್ಟೆಯಲ್ಲಿ ಲ್ಯಾಬಿಗೆ ಹೋದೆ. ತಿಂಡಿ ಯಾಕಿಲ್ಲ ಎಂದು ಕೇಳಿದವರಿಗೆ ಉಪವಾಸ ಅಂದಿದ್ದೆ.

ಹನ್ನೆರಡರ ಸುಮಾರಿಗೆ ಟೈಟ್ರೇಶನ್ ಪ್ರಯೋಗ ಮಾಡುತ್ತಿದ್ದೆ. ಬ್ಯೂರೆಟ್ ಎಂಬ ಗಾಜಿನ ಕೊಳವೆಯ ಮೇಲಿನ ಅಳತೆಯ ಗೆರೆಗಳು ಎರಡೆರಡಾಗಿ ಕಂಡವು. ಬೆನ್ನ ಮೇಲೆ ಬೆವರು ನೀರಿನ ಹಾಗೆ ಇಳಿಯಿತು. ಎದೆ ಹೊಡೆದುಕೊಳ್ಳತೊಡಗಿತು. ಅದರ ನಲ್ಲಿ ತಿರುಗಿಸಲು ಹೋದರೆ ಬೆರಳು ಮಾತು ಕೇಳಲಿಲ್ಲ. ಆಮೇಲೆ ಲ್ಯಾಬಿನ ನೆಲ, ಅದರ ತಂಪು.

"ಶೈಲಾ! ಏನಾತು ನಿನಗ? ಶೈಲಾ!" ಭಾರತಿಯ ಧ್ವನಿ.

"ಉಪವಾಸ ಐತಿ ಅಂತಿದ್ಲಲ್ಲ, ಅದಕ್ಕ ಚಕ್ಕರ್ ಬಂದಿರಬೇಕು. ಗಾಳಿ ಬಿಡ್ರಿ, ನೀರು ಹೊಡೀರಿ," ಯಾರೋ ಅಂದರು.

ನನಗೆ ಎಲ್ಲ ಕೇಳಿಸುತ್ತಿತ್ತು. ನಾಲಿಗೆ ಮಾತ್ರ ಎದ್ದೇಳುತ್ತಿರಲಿಲ್ಲ. ಆಗ ಲ್ಯಾಬ್ ಅಟೆಂಡರ್ ಬಸಪ್ಪ ಕಾಕಾ ಎಲ್ಲರನ್ನೂ ಸರಿಸಿ ಬಂದು ನನ್ನ ಕುತ್ತಿಗೆ ಮುಟ್ಟಿ ನೋಡಿದರು.

"ಬೆವತು ತೊಪ್ಪ ಆಗ್ಯಾಳ. ಮೈ ಥಂಡ ಐತಿ. ಈ ಹುಡುಗಿಗೆ ಶುಗರ್ ಐತೇನು?"

"ಇಲ್ರಿ ಕಾಕಾ," ಅಂದಳು ಭಾರತಿ. "ಆಕಿಗೆ ಅಸಿಡಿಟಿ ಅಷ್ಟ ಐತ್ರಿ."

ನಾನು ಹೇಳಿಕೊಟ್ಟ ಸುಳ್ಳು ಅದು. ಅವಳ ಬಾಯಿಂದ ಎಷ್ಟು ನಂಬಿಕೆಯಿಂದ ಬಂತು! ಅವರು ಅದನ್ನು ನಂಬಿ ಎದ್ದು ಹೋಗಿಬಿಟ್ಟರೆ ಎಂಬ ಭಯ ಆಗ ಮೊಟ್ಟಮೊದಲ ಸಲ ಹುಟ್ಟಿತು. ಮೂರು ತಿಂಗಳಲ್ಲಿ ಬಾರದ ಭಯ. ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ಒಂದೇ ಶಬ್ದ ಹೊರಡಿಸಿದೆ.

"ಐತಿ."

ಬಸಪ್ಪ ಕಾಕಾ ತಮ್ಮ ಚಹಾದ ಸಕ್ಕರೆ ಡಬ್ಬಿ ತಂದು, ಲೋಟದ ನೀರಿನಲ್ಲಿ ಗಟ್ಟಿಯಾಗಿ ಕದಡಿ, ನನ್ನನ್ನು ಎಬ್ಬಿಸಿ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದರು. "ನಮ್ಮ ಮನಿಯಾಕಿಗೂ ಶುಗರ್ ತೀರಾ ಇಳಿದು ಹಿಂಗ ಆಗ್ತಿತ್ತು. ಲಗೂ ಸಕ್ಕರಿ ಬೀಳಬೇಕು. ನುಂಗವಾ, ಇನ್ನೊಂದು ಗುಟುಕು." ಹತ್ತು ನಿಮಿಷಕ್ಕೆ ಲ್ಯಾಬು ನಿಧಾನವಾಗಿ ತನ್ನ ಜಾಗಕ್ಕೆ ಬಂದು ನಿಂತಿತು. ಕಣ್ಣು ಬಿಟ್ಟರೆ ಇಡೀ ಕ್ಲಾಸು ಸುತ್ತ ನಿಂತಿದೆ. ಎಲ್ಲರಿಗೂ ಗೊತ್ತಾಗಿದೆ.

ಹುಬ್ಬಳ್ಳಿಯ ಅದೇ ಆಸ್ಪತ್ರೆಗೆ ಹೋಗುವಾಗ ಬಾಡಿಗೆ ಕಾರಿನಲ್ಲಿ ಭಾರತಿ ಅಳುತ್ತಲೇ ಬೈದಳು. "ನಾ ದಿನಾ ನಿನ್ನ ಬಾಜೂಕ ಮಲಗ್ತೇನಿ. ನನಗ ಹೇಳಬಾರದಿತ್ತೇನು? ನಿನ್ನೆ ನಾನ ನಿನ್ನ ಬಾಯಾಗ ಪೇಡೆ ಇಟ್ಟೆನಲ್ಲ! ನನ್ನ ಕೈಯಾಗ ನಿನಗ ಏನರ ಆಗಿದ್ರ?"

ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಅವಳ ಕೈಗಿಟ್ಟೆ.

ಎಚ್‌ಬಿಎ1ಸಿ ಒಂಬತ್ತು ಪಾಯಿಂಟ್ ಒಂದು ಬಂತು. ಡಾಕ್ಟರ್ ಮೇಡಂ ರಿಪೋರ್ಟು ಮೇಜಿನ ಮೇಲಿಟ್ಟು ಕೇಳಿದರು. "ಒಂದು ವಾರ ಉಪವಾಸ ಮಾಡಿ ಮೂರು ತಿಂಗಳದ್ದು ಮುಚ್ಚಾಕ ನೋಡಿದೇನು? ಅದು ಮುಚ್ಚಂಗಿಲ್ಲವಾ. ಜೀವಕ್ಕ ಕುತ್ತು ತಂದುಕೊಂಡಿದ್ದಿ."

"ನನಗ ಆಗವಲ್ದ್ರಿ ಮೇಡಂ," ಅಂದೆ. "ಎಲ್ಲಾ ಗೊತ್ತೈತ್ರಿ. ಆದ್ರ ಆಗವಲ್ದು."

ಅವರು ಹಳೆಯ ಚಾರ್ಟು ಪಕ್ಕಕ್ಕೆ ಸರಿಸಿ ಖಾಲಿ ಹಾಳೆ ತೆಗೆದುಕೊಂಡರು. "ನಿಮ್ಮ ಹಾಸ್ಟೆಲ್‌ನ್ಯಾಗ ಸೋಮವಾರ ಏನು ಮಾಡ್ತಾರ, ಅದನ್ನ ಹೇಳು ಮೊದಲ." ಒಂದು ಗುಳಿಗೆ ಬದಲಿಸಿದರು. ಉಪ್ಪಿಟ್ಟು ಎಷ್ಟು, ಅದರ ಜೊತೆ ಏನು, ಊಟ ತಡವಾಗುವ ದಿನ ಚೀಲದಲ್ಲಿ ಏನಿರಬೇಕು, ಎಲ್ಲ ಬರೆಸಿದರು. ಅದು ಸುಲಭದ ಚಾರ್ಟಲ್ಲ. ಆದರೆ ನಾನಿರುವ ಜಾಗದ್ದು.

ಅದೇ ವಾರ ಅವ್ವನ ಫೋನು ಬಂತು. ಅಪ್ಪನ ಗಾಯ ಒಣಗಿರಲೇ ಇಲ್ಲ. ಕಪ್ಪಾಗಿತ್ತು.

ಎರಡು ಬೆರಳು ತೆಗೆದರು.

ನಾನು ವಾರ್ಡಿಗೆ ಹೋದಾಗ ಅಪ್ಪ ಎಚ್ಚರವಿದ್ದ. ನನ್ನನ್ನು ಕಂಡೊಡನೆ ಕಣ್ಣು ತಪ್ಪಿಸಿದ. "ನೀ ಏನೂ ಅನಬ್ಯಾಡ ತಂಗಿ. ನಿನ್ನ ಬಾಯಾಗ ಏನು ಬರ್ತೈತಿ ಅಂತ ನನಗ ಗೊತ್ತೈತಿ. ತಪ್ಪು ನಂದ."

"ನಾ ಬೈಯಾಕ ಬಂದಿಲ್ಲಪ್ಪಾ." ಮಂಚದ ಅಂಚಿಗೆ ಕುಳಿತೆ. "ನನಗೂ ಆಗಲಿಲ್ಲ. ಫೋನಿನ್ಯಾಗ ಹೇಳಿದ್ದೆಲ್ಲಾ ಸುಳ್ಳು."

ಲ್ಯಾಬಿನಲ್ಲಿ ಬಿದ್ದದ್ದು, ಬಿಸ್ಕಿಟ್ಟು, ಹುಗ್ಗಿ, ಎಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡ. ಬ್ಯಾಂಡೇಜು ಸುತ್ತಿದ ಕಾಲನ್ನೇ ನೋಡುತ್ತಿದ್ದ.

"ಹದಿನಾಲ್ಕು ವರ್ಷ ಆತು," ಅಂದ ಕೊನೆಗೆ. "ನಾ ಬೇಕಂತ ಮಾಡಾಕತ್ತೇನಿ ಅಂತ ತಿಳಕೊಂಡಿದ್ದಿ, ಹೌದಿಲ್ಲೋ?"

"ಹೌದಪ್ಪಾ."

"ನಾನೂ ಹಂಗ ತಿಳಕೊಂಡಿದ್ದೆ. ನನ್ನಾಗ ಏನೋ ದೋಷ ಐತಿ ಅಂತ."

ಹದಿನಾಲ್ಕು ವರ್ಷ ಆ ಮನುಷ್ಯ ತಾಟಿನ ಮುಂದೆ ಒಬ್ಬನೇ ಕುಳಿತಿದ್ದ. ನಾನು ಎದುರಿಗೆ ನಿಂತು ರೊಟ್ಟಿ ಎತ್ತಿಡುತ್ತಿದ್ದೆ. ಒಂದು ದಿನವೂ, ಯಾಕಪ್ಪಾ, ಎಲ್ಲಿ ಕಷ್ಟ ಆಗುತ್ತದೆ ಎಂದು ಕೇಳಿರಲಿಲ್ಲ. ಅವನ ಅಂಗೈ ಹಿಡಿದುಕೊಂಡೆ. ತಪ್ಪಾಯಿತು ಎನ್ನಬೇಕೆಂದಿದ್ದೆ. ಅಳುವೇ ಬಂತು. ಅಪ್ಪ, "ಇರಲಿ ಬಿಡು, ಇರಲಿ ಬಿಡು," ಎನ್ನುತ್ತಿದ್ದ.

ಅವ್ವ ಬುತ್ತಿ ಗಂಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ಗೊತ್ತಿಲ್ಲ. ಒಳಗೆ ಬಂದು ಬುತ್ತಿ ಬಿಚ್ಚಿದಳು. ಮರುದಿನ ಪಕ್ಕದ ಮಂಚದ ರೋಗಿಯ ಹೆಂಡತಿ, "ಮಗಳಿಗೆ ಗಂಡು ನೋಡಾಕತ್ತೀರೇನ್ರಿ?" ಎಂದು ಕೇಳಿದಳು. ಅವ್ವ ಚಾದರ ಮಡಚುತ್ತ, ತಲೆ ಎತ್ತದೆ ಹೇಳಿದಳು: "ನೋಡಬೇಕ್ರಿ. ಆಕಿಗೂ ಶುಗರ್ ಐತಿ. ಅದನ್ನ ಹೇಳೇ ನೋಡಬೇಕು."

ಇದಾಗಿ ಐದು ತಿಂಗಳು. ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಶಾಂತಕ್ಕನಿಗೆ ವಿಷಯ ಹೇಳಿದ ದಿನ ಆಕೆ ಹಣೆ ಚಚ್ಚಿಕೊಂಡು, "ನಾನ ಬಡಿಸಿ ಬಡಿಸಿ ನಿನ್ನ ಕೊಲ್ಲಾಕತ್ತಿದ್ನಲ್ಲೇ ಯವ್ವಾ!" ಎಂದಳು. ಈಗ ನನ್ನ ಪಲ್ಯ ಮುಚ್ಚಿ ಎತ್ತಿಡುತ್ತಾಳೆ. ಅವ್ವ ಹದಿನೈದು ದಿನಕ್ಕೊಮ್ಮೆ ಖಡಕ್ ರೊಟ್ಟಿ ಕಳಿಸುತ್ತಾಳೆ, ಅವು ಕೆಡುವುದಿಲ್ಲ. ಸಂಜೆ ಭಾರತಿ ನನ್ನನ್ನು ಎಳೆದುಕೊಂಡು ನಡೆಯಲು ಹೋಗುತ್ತಾಳೆ. ಇಷ್ಟಿದ್ದೂ ನಾನು ಸೋಲುವ ದಿನಗಳಿವೆ. ಹೋದ ವಾರವೇ ಎರಡು ಇದ್ದವು. ಒಮ್ಮೆ ನಿಂತ ಕೈ ಇನ್ನೊಮ್ಮೆ ನಿಲ್ಲುವುದಿಲ್ಲ. ಯಾಕೆಂದು ಗೊತ್ತಿಲ್ಲ. ಕೊನೆಯ ಟೆಸ್ಟಿನಲ್ಲಿ ಎಂಟು ಪಾಯಿಂಟ್ ಮೂರು. ಇಳಿದಿದೆ, ಇನ್ನೂ ಇಳಿಯಬೇಕು ಅಂದರು ಮೇಡಂ. ಅಪ್ಪ ವಿಶೇಷವಾಗಿ ಮಾಡಿಸಿದ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾನೆ. ನಿಧಾನವಾಗಿ, ಆದರೆ ಹೋಗುತ್ತಿದ್ದಾನೆ. ಉಳಿದ ಬೆರಳುಗಳನ್ನು ದಿನಾ ಕನ್ನಡಿ ಹಿಡಿದು ನೋಡಿಕೊಳ್ಳುತ್ತಾನೆ.

ಹೋದ ಸೋಮವಾರ ನಮ್ಮ ಪ್ರ್ಯಾಕ್ಟಿಕಲ್ ಪರೀಕ್ಷೆ ಇತ್ತು. ಒಂಬತ್ತರಿಂದ ಒಂದೂವರೆಯವರೆಗೆ. ಹಿಂದಿನ ದಿನ ಕುಳಿತು ಒಂದು ಅರ್ಜಿ ಬರೆದೆ. 'ನನಗೆ ಡಯಾಬಿಟಿಸ್ ಇದೆ. ಹನ್ನೊಂದು ಗಂಟೆಗೆ ಹತ್ತು ನಿಮಿಷ ಹೊರಗೆ ಹೋಗಿ ತಿಂದು ಬರಲು ಅನುಮತಿ ಕೊಡಬೇಕು.' ಆ ಮೊದಲ ವಾಕ್ಯವನ್ನು ನನ್ನ ಕೈಬರಹದಲ್ಲಿ ನಾನು ಎಂದೂ ನೋಡಿರಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ಅರ್ಜಿ ಓದಿ ಲ್ಯಾಬಿನ ಸುತ್ತ ನೋಡಿದರು. "ಯಾರಿದು ಶೈಲಾ?"

ಇಪ್ಪತ್ತು ಜನ ತಿರುಗಿದರು.

"ನಾನ್ರಿ ಸರ್," ಎಂದು ಎದ್ದು ನಿಂತೆ.

"ಹನ್ನೊಂದಾದ ಕೂಡ್ಲೆ ಹೋಗಿ ಬಾ. ಕೇಳಾಕ ಕಾಯಬ್ಯಾಡ."

ಹನ್ನೊಂದಕ್ಕೆ ಕಾರಿಡಾರಿನ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ತೆಗೆದೆ. ಅರ್ಧ ರೊಟ್ಟಿ, ಒಂದು ಹಿಡಿ ಹುರಿದ ಕಡಲೆ. ಅವಸರ ಮಾಡದೆ ತಿಂದೆ. ಹೋಗಿ ಬರುವವರು ನೋಡಿದರು, ನೋಡಲಿ ಅಂದುಕೊಂಡೆ. ನೀರು ಕುಡಿದು, ಕೈ ತೊಳೆದು ಒಳಗೆ ಬಂದು, ಬ್ಯೂರೆಟ್ಟಿನ ರೀಡಿಂಗ್ ನೋಡಿ ಬರೆದುಕೊಂಡೆ. ಗೆರೆಗಳು ಒಂದೊಂದೇ ಕಂಡವು.